ಆಕಾಶಪಾತಾಳದ ಎದುರಿನ ಬೆಂಚು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಊರಿನ ಮೇಷ್ಟ್ರುಗಳೆಲ್ಲ ಕುಳ್ಳಗಾಗುತ್ತಾರೆ. ಶಾಲೆಗೆ ರಜೆ, ಹೇಳಿದ್ದನ್ನು ಕೇಳುವ ಮಕ್ಕಳು ಅಜ್ಜಿಮನೆ ಸೇರಿರುತ್ತಾರೆ, ಇನ್ನು ಎತ್ತರ ಎಲ್ಲಿಂದ ಬರಬೇಕು? ನಮ್ಮಲ್ಲಿ ಯಾರ ಮಾತು ಎಷ್ಟು ನಡೆಯುತ್ತದೋ ಅವರು ಅಷ್ಟು ಉದ್ದ. ಮಾತಿಗೆ ಯಾರೂ ಸೊಪ್ಪು ಹಾಕದಿದ್ದರೆ ಆಸಾಮಿ ನೋಡನೋಡುತ್ತ ಮೊಣಕೈ ಎತ್ತರಕ್ಕೆ ಇಳಿದುಬಿಡುತ್ತಾನೆ. ಅದಕ್ಕೇ ಇಲ್ಲಿನ ದರ್ಜಿಗಳು ಪ್ಯಾಂಟಿನ ತುದಿಯಲ್ಲಿ ಒಂದು ಗೇಣು ಬಟ್ಟೆ ಮಡಿಚಿ ಹೊಲಿಯುತ್ತಾರೆ. ಹೆಣ್ಣು ನೋಡಲು ಹೋಗುವ ಮುನ್ನ ಗಂಡಿನ ಮನೆಯವರೆಲ್ಲ ಒಂದು ವಾರ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ನೀರು ಕೇಳಿದರೆ ಮೂವರು ಓಡಿ, ಅವನನ್ನು ಬೆಳೆಸುತ್ತಾರೆ. ಮದುವೆಯಾದ ಮೇಲೆ ಆ ಎತ್ತರ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದು ನಮ್ಮಲ್ಲಿ ಅಸಭ್ಯತೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಹೆಸರು ವನಮಾಲಾ, ವಯಸ್ಸು ಐವತ್ತರ ಆಸುಪಾಸು, ಮದುವೆಯಾಗಿಲ್ಲ, ತಮ್ಮನ ಮನೆಯಲ್ಲಿ ವಾಸ. ಬೆಳಿಗ್ಗೆ ಸೀರೆಯನ್ನು ಸೊಂಟದಲ್ಲಿ ಎರಡು ಮಡಿಕೆ ಮಡಿಚಿ ಸಿಕ್ಕಿಸಿಕೊಂಡು ಹೊರಟರೆ, ಎರಡನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿಗೆ ಹೋಗಿ ಒಂದು ಮಡಿಕೆ ಬಿಚ್ಚಬೇಕು. ಊಟದ ಬಿಡುವಿನ ಹೊತ್ತಿಗೆ ಇನ್ನೊಂದು. ಸಂಜೆ ಬಸ್ಸಿನಿಂದ ಇಳಿದು ಮನೆಯ ಗೇಟು ಮುಟ್ಟಿದ ಕೂಡಲೇ ಎರಡನ್ನೂ ಮತ್ತೆ ಸಿಕ್ಕಿಸಬೇಕು, ಇಲ್ಲವಾದರೆ ಎಡವಿ ತುಳಸಿಕಟ್ಟೆಯ ಮೇಲೆ ಬೀಳುವುದು ಖಂಡಿತ. ನನ್ನ ತಮ್ಮನ ಹೆಂಡತಿ ಪ್ರಫುಲ್ಲಾ ಇದನ್ನು ನೋಡಿ, “ನಿಮಗೆ ದಿನಾ ಒಳ್ಳೇ ವ್ಯಾಯಾಮ ಆಗುತ್ತೆ ಅಕ್ಕಾ” ಎನ್ನುತ್ತಾಳೆ. ಒಳ್ಳೆಯ ಹುಡುಗಿ. ನಾನು ಉಪ್ಪು ಕಡಿಮೆ ಹಾಕು ಎಂದ ದಿನವೇ ಮರೆಯದೆ ಒಂದು ಚಿಟಿಕೆ ಹೆಚ್ಚು ಹಾಕುತ್ತಾಳೆ, ಅಷ್ಟೇ.

ಅವಳ ತಪ್ಪೂ ಅಲ್ಲ. ಒಬ್ಬರ ಮಾತು ಕೇಳಿದರೆ ಕೇಳಿದವರ ಎತ್ತರದಲ್ಲಿ ಒಂದು ಇಂಚು ಖೋತಾ ಎಂದು ನಮ್ಮ ಊರಿನಲ್ಲಿ ಮಗುವಿಗೆ ತುತ್ತು ಉಣ್ಣಿಸುವಾಗಲೇ ಹೇಳಿಕೊಡುತ್ತಾರೆ. ಹಾಗಾಗಿ ಇಲ್ಲಿ ಯಾರನ್ನಾದರೂ “ಸ್ವಲ್ಪ ಸರೀರಿ” ಎಂದರೆ ಅವರು ಅಲ್ಲೇ ಇನ್ನಷ್ಟು ಭದ್ರವಾಗಿ ನಿಲ್ಲುತ್ತಾರೆ. ಡಾಕ್ಟರು ಸಿಹಿ ಬಿಡಿ ಎಂದರೆ ರೋಗಿ ಅವರ ಕಣ್ಣೆದುರಿಗೇ ಜಿಲೇಬಿ ತೆಗೆದು ತಿನ್ನುತ್ತಾನೆ. ನಮ್ಮ ಊರಿನ ಡಾಕ್ಟರುಗಳು ತುಂಬ ಕುಳ್ಳಗಿದ್ದಾರೆ.

ನನ್ನ ತಮ್ಮ ತ್ರ್ಯಂಬಕ ಮಾತ್ರ ಆರು ಅಡಿಗಿಂತ ಕೆಳಗೆ ಇಳಿದವನೇ ಅಲ್ಲ. ಅವನ ಉಪಾಯ ಸರಳ. ಹೇಗಿದ್ದರೂ ಆಗಿಯೇ ತೀರುವುದನ್ನು ಮೊದಲೇ ಅಪ್ಪಣೆ ಮಾಡಿಬಿಡುವುದು. ಕುಕ್ಕರು ಬುಸುಗುಡಲು ಶುರುವಾದ ಕೂಡಲೇ ಅಡುಗೆಮನೆಯ ಬಾಗಿಲಿಗೆ ಬಂದು, “ಹೂಂ, ಕೂಗು” ಎನ್ನುತ್ತಾನೆ. ಅದು ಕೂಗುತ್ತದೆ. ಬಸ್ಸು ಹೊರಟಾಗ “ಹೊರಡು” ಎನ್ನುತ್ತಾನೆ. ಸಂಜೆ ಜಗುಲಿಯಲ್ಲಿ ಕೂತು ಸೂರ್ಯನಿಗೆ “ಸಾಕು, ಮುಳುಗು” ಎಂದು ಹೇಳಿ ಒಳಗೆ ಬರುವಾಗ ತಲೆ ಬಾಗಿಲಿಗೆ ಬಡಿಯುತ್ತದೆ. ನಮ್ಮ ಊರಿನ ಲೆಕ್ಕದಲ್ಲಿ ಅದೂ ಸಲ್ಲುತ್ತದೆ, ಏಕೆಂದು ನನ್ನನ್ನು ಕೇಳಬೇಡಿ. ಸಲ್ಲದೆ ಹೋಗಿದ್ದರೆ ನಮ್ಮ ನಗರಸಭೆಯಲ್ಲಿ ಒಬ್ಬರೂ ಕುರ್ಚಿ ಹತ್ತುವಷ್ಟು ಎತ್ತರ ಇರುತ್ತಿರಲಿಲ್ಲ.

ಇದೇ ತ್ರ್ಯಂಬಕ ಚಿಕ್ಕವನಿದ್ದಾಗ ನನ್ನ ಸೆರಗು ಬಿಟ್ಟವನಲ್ಲ. ಅಮ್ಮ ಬೇಗ ಹೋದಳು. ಅವನನ್ನು ಮೀಯಿಸಿ, ಉಣ್ಣಿಸಿ, ಮಲಗಿಸಿದವಳು ನಾನು. ಅಕ್ಕ ಹೇಳಿದಳೆಂದರೆ ಅವನಿಗೆ ಅದೇ ಕೊನೆಯ ಮಾತು. ಆಗ ನಾನು ಇನ್ನೂ ಲಂಗ ಉಡುವ ಹುಡುಗಿ, ಆದರೆ ನಮ್ಮ ಬೀದಿಗೇ ಉದ್ದ. ಆಮೇಲೆ ಒಂದು ದಿನ ಅವನು ಆಟದಿಂದ ಬಂದು ಗೋಡೆಗೆ ಬೆನ್ನು ಹಚ್ಚಿ ತನ್ನ ತಲೆಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡ. ಕೈಕಾಲು ತೊಳೆದು ಬಾ ಎಂದರೆ ಗೆರೆಯನ್ನೇ ನೋಡುತ್ತ ನಿಂತ. ಉಣ್ಣಿಸುವಾಗ ನಾನು ಹೇಳಿಕೊಡದೆ ಬಿಟ್ಟದ್ದನ್ನು ಯಾರೋ ಹೇಳಿಕೊಟ್ಟಿದ್ದರು. ಅಂದಿನಿಂದ ಅವನು ನನ್ನ ಒಂದು ಮಾತನ್ನೂ ಕೇಳಲಿಲ್ಲ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಈಗಲೂ ಇದೆ. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಇದೆ.

ಹರ್ಷಲೋಕ ಎಂಬ ಪಾರ್ಕು ನಮ್ಮ ಊರಿನ ಹೊರಗಿದೆ. ನೀರಾಟ, ಜಾರುಬಂಡೆ, ಗಿರಗಿರ ತಿರುಗುವ ಬಟ್ಟಲುಗಳು, ದುಪ್ಪಟ್ಟು ದರಕ್ಕೆ ಮಾರುವ ಬಜ್ಜಿ, ಎಲ್ಲಕ್ಕಿಂತ ಮುಖ್ಯವಾಗಿ ಆಕಾಶಪಾತಾಳ. ಒಂದು ಕಂಬ, ಕಂಬದ ಸುತ್ತ ಕುರ್ಚಿಗಳು. ಕುರ್ಚಿಯಲ್ಲಿ ಕೂರಿಸಿ, ಎದೆಗೆ ಅಡ್ಡಗಂಬಿ ಹಾಕಿ, ನಿಧಾನಕ್ಕೆ ಮೋಡದವರೆಗೆ ಎತ್ತಿ, ಅಲ್ಲಿಂದ ಕೈಬಿಡುತ್ತಾರೆ. ಆ ಕಂಬವನ್ನು ಅಲ್ಲಿ ನೆಟ್ಟ ವರ್ಷದಿಂದ ನನಗೆ ಒಮ್ಮೆ ಅದರ ಮೇಲೆ ಕೂರಬೇಕು. ಜೀವಮಾನವಿಡೀ ಭೂಪಟದಲ್ಲಿ ನದಿ ಬೆಟ್ಟ ತೋರಿಸಿದವಳಿಗೆ ನೆಲವನ್ನು ಒಂದು ಸಲ ಮೇಲಿನಿಂದ ನೋಡುವ ಆಸೆ ಇದ್ದರೆ ಅದೇನು ಅಪರಾಧವಲ್ಲ. ಆದರೆ ಅದರ ಬಾಗಿಲಲ್ಲಿ ಒಬ್ಬ ಮರದ ಬಫೂನು ಕೈ ಚಾಚಿ ನಿಂತಿದ್ದಾನೆ. ಅವನ ಕೈಗಿಂತ ಕುಳ್ಳಗಿರುವವರಿಗೆ ಪ್ರವೇಶವಿಲ್ಲ. ನಾವು ಹೋಗುವುದು ಚಳಿಗಾಲದ ರಜೆಯಲ್ಲಿ, ರಜೆಯಲ್ಲಿ ನಾನು ಮೂರೂವರೆ ಅಡಿ. ಶಾಲೆ ನಡೆಯುವಾಗ ಒಬ್ಬಳೇ ಹೋಗಿ ಬರಬಹುದಿತ್ತಲ್ಲ ಎನ್ನುತ್ತೀರಿ. ಐವತ್ತು ವರ್ಷದ ಟೀಚರಮ್ಮ ಒಬ್ಬಳೇ ಜೋಕಾಲಿಗೆ ಹೋದಳೆಂದು ಗೊತ್ತಾದ ಮರುದಿನ ಯಾವ ಮಗು ನನ್ನ ಮಾತು ಕೇಳೀತು?

ಹೀಗಾಗಿ ಪ್ರತಿ ವರ್ಷವೂ ನನಗೆ ಬೆಂಚು. ಥೀಮ್ ಪಾರ್ಕಿಗೆ ಹೋಗುವ ಪ್ರತಿ ಕುಟುಂಬದಲ್ಲೂ ಬ್ಯಾಗು ಕಾಯುವವರು ಒಬ್ಬರು ಇರಲೇಬೇಕು, ಅವರಿಗೂ ಪೂರ್ತಿ ಟಿಕೆಟ್ಟೇ. ಈ ವರ್ಷವೂ ಆಕಾಶಪಾತಾಳದ ಎದುರಿಗೆ ಬಂದ ಕೂಡಲೇ ತ್ರ್ಯಂಬಕ ಚಪ್ಪಲಿ ಬಿಚ್ಚಿದ, ಕನ್ನಡಕ ತೆಗೆದ, ಎರಡನ್ನೂ ನನ್ನ ಮಡಿಲಿಗೆ ಹಾಕಿದ. ಅವನ ಕನ್ನಡಕ ಸೋಡಾಬಾಟಲಿಯ ತಳದಷ್ಟು ದಪ್ಪ. ಅದಿಲ್ಲದೆ ಅವನಿಗೆ ಆನೆಯೂ ಒಂದೇ, ಆಟೋವೂ ಒಂದೇ.

“ಇಳಿಯೋ ಹೊತ್ತಿಗೆ ಬಾಗಿಲ ಹತ್ರ ಕನ್ನಡಕ ಹಿಡ್ಕೊಂಡು ನಿಂತಿರು” ಎಂದ.

“ಈ ಸಲ ನಾನೂ ಒಂದು ಸಲ…” ಎಂದು ನಾನು ಶುರುಮಾಡಿದೆ.

“ಆ ಬಫೂನನ ಕೈ ಕೆಳಗೆ ನೀನು ಕೊಡೆ ಹಿಡ್ಕೊಂಡು ಹೋಗಬಹುದು ಅಕ್ಕಾ” ಎಂದು ನಕ್ಕ. ಪ್ರಫುಲ್ಲಾ ತನ್ನ ಕೈಚೀಲ ಕೊಟ್ಟಳು. ಅವರ ಮಗಳು ಮೈಥಿಲಿ, ಕಾಲೇಜು ಹುಡುಗಿ, ಒದ್ದೆ ಟವೆಲು ಕೊಟ್ಟಳು. ಸಾಲು ಮುಂದಕ್ಕೆ ಸರಿಯುವಾಗ ತ್ರ್ಯಂಬಕ ಸಾಲಿಗೆ “ಸರಿ” ಎಂದು ಅಪ್ಪಣೆ ಕೊಟ್ಟ ಸದ್ದು ಕೇಳಿಸಿತು.

ಬೆಂಚಿನ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ನಮ್ಮ ಊರಿನವರೇ ಇನ್ನಿಬ್ಬರು ಕಾವಲುಗಾರರಿದ್ದರು, ಅವರ ಕಾಲೂ ಗಾಳಿಯಲ್ಲೇ. ಒಬ್ಬಾಕೆ ಜುಬೇದಾ, ನನಗಿಂತ ಸ್ವಲ್ಪ ಹಿರಿಯಳು. ಒಂದು ಕಾಲಕ್ಕೆ ದೊಡ್ಡ ಮನೆಯನ್ನು ಆಳಿದವಳು, ಸೊಸೆ ಬಂದ ಮೇಲೆ ಈ ಗತಿ. ಇನ್ನೊಬ್ಬರು ಗುರುಪಾದಯ್ಯ, ಕೋರ್ಟಿನಲ್ಲಿ ಹೆಸರು ಕೂಗುತ್ತಿದ್ದವರು. ಅವರು ಕೂಗಿದರೆ ಎಂಥ ಪುಂಡನೂ ಕೈಕಟ್ಟಿ ಬಂದು ನಿಲ್ಲಬೇಕಾಗಿತ್ತು, ಆ ಕಾಲದಲ್ಲಿ ಅವರು ನ್ಯಾಯಾಧೀಶರಿಗಿಂತ ಒಂದು ಗೇಣು ಎತ್ತರ ಇದ್ದರಂತೆ. ಈಗ ನಿವೃತ್ತರು. ಅವರನ್ನು ದೂರದಿಂದ ನೋಡಿದರೆ ಯಾರೋ ಕೋಟು ಬಿಚ್ಚಿಟ್ಟು ಹೋಗಿದ್ದಾರೆ ಅನ್ನಿಸುತ್ತಿತ್ತು.

ಜುಬೇದಾ ಕೂತಿದ್ದ ಮೂಲೆಯಲ್ಲಿ ನೆರಳು. ಡಿಸೆಂಬರಿನ ಚಳಿಗೆ ಆಕೆ ಗಡಗಡ ನಡುಗುತ್ತಿದ್ದಳು. ನನ್ನದು ಟೀಚರ್ ಬಾಯಿ, ಸುಮ್ಮನಿರುವುದಿಲ್ಲ. “ಯಾಕೆ ಅಲ್ಲಿ ಕೂತ್ಕೊಂಡು ನಡುಗ್ತೀರಿ? ಇತ್ಲಾಗೆ ಬಿಸಿಲಿಗೆ ಬನ್ನಿ” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಬ್ಬರಿಗೆ ಹೀಗೆ ನೇರವಾಗಿ ಹೇಳುವುದೆಂದರೆ ಅವರ ಜೇಬಿಗೆ ಕೈಹಾಕಿದಂತೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. “ನನ್ನತ್ರ ಕಳ್ಕೊಳ್ಳೋಕೆ ಇನ್ನೇನು ಉಳಿದಿದೆ ಹೇಳಿ ಟೀಚರಮ್ಮಾ” ಎಂದು ಎದ್ದು ಬಂದು ಬಿಸಿಲಿನಲ್ಲಿ ಕೂತಳು.

ನನ್ನ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿತು.

ಅದರಲ್ಲಿ ಆಶ್ಚರ್ಯವಿಲ್ಲ, ಮಾತು ನಡೆಯಿತು, ನಾನು ಬೆಳೆದೆ. ಆಶ್ಚರ್ಯ ಆಮೇಲಿನದು. ಆಕೆ ಬಿಸಿಲಿಗೆ ಮುಖ ಒಡ್ಡಿ, “ನೀವ್ಯಾಕೆ ಆ ಮೂಟೆಗಳನ್ನ ಹೆಗಲಿಗೆ ನೇತುಹಾಕ್ಕೊಂಡಿದ್ದೀರಿ? ಕೆಳಗಿಡಿ ಮೊದಲು” ಎಂದಳು. ಆಕೆ ನನ್ನ ಮಾತು ಕೇಳಿದ್ದಳು, ನಾನು ಕೇಳದಿದ್ದರೆ ಚೆನ್ನಾಗಿರುವುದಿಲ್ಲ, ಬಂದ ಇಂಚು ಹೋದರೆ ಹೋಗಲಿ ಎಂದು ಕೆಳಗಿಟ್ಟೆ. ಆಕೆಯ ಕಾಲು ಸರ್ರನೆ ಕೆಳಗಿಳಿಯಿತು. ನನ್ನ ಹೆಬ್ಬೆರಳು ಇದ್ದಲ್ಲೇ ಇತ್ತು. ನಾನು ಅದನ್ನೇ ದಿಟ್ಟಿಸಿ ನೋಡಿದೆ. ಮೇಲಕ್ಕೆ ಹೋಗಲಿಲ್ಲ.

“ಜುಬೇದಾ, ಆ ಕಡ್ಲೆಕಾಯಿ ಪೊಟ್ಟಣ ಈ ಕಡೆ ಕೊಡಿ” ಎಂದೆ. ಕೊಟ್ಟಳು. “ನೀವು ಆ ಸೆರಗು ಸರಿಮಾಡ್ಕೊಳ್ಳಿ” ಎಂದಳು. ಮಾಡಿಕೊಂಡೆ. “ಎದ್ದು ನಿಲ್ಲಿ.” ನಿಂತಳು. “ಕೂತ್ಕೊಳ್ಳಿ.” ಕೂತೆ. ಯಾರ ಇಂಚೂ ಯಾರಿಗೂ ಹೋಗುತ್ತಿರಲಿಲ್ಲ. ಇಬ್ಬರೂ ಬೆಳೆಯುತ್ತಿದ್ದೆವು. ಇಡೀ ಊರು ತಲೆತಲಾಂತರದಿಂದ ಕಿವಿಗೆ ಬೀಗ ಜಡಿದುಕೊಂಡು ಕಾಪಾಡುತ್ತಿದ್ದ ಇಂಚು ಎಲ್ಲಿಗೂ ಹೋಗುವಂಥದ್ದೇ ಅಲ್ಲ. ಯಾರೂ ಅಳೆದು ನೋಡಿರಲಿಲ್ಲ, ಅಷ್ಟೇ. ಬೆಳೆಯುವ ಶಾಲೆ ಮಕ್ಕಳ ಇಂಚಿನ ಲೆಕ್ಕ ಯಾರಿಟ್ಟಾರು, ದೊಡ್ಡವರು ಕೇಳಿ ನೋಡಿದ್ದರೆ ತಾನೇ ಅಳೆಯುವುದು?

ಗುರುಪಾದಯ್ಯ ಕೋಟಿನೊಳಗಿಂದ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. “ಏನಮ್ಮಾ ಇದು, ಕಾನೂನುಬಾಹಿರ ಅನ್ಸುತ್ತಪ್ಪ” ಎಂದರು.

“ನಮ್ಮ ಹೆಸರು ಕೂಗಿ ಸಾರ್” ಎಂದೆ. “ಕೋರ್ಟಲ್ಲಿ ಕೂಗ್ತಿದ್ರಲ್ಲ, ಹಾಗೆ.”

ಅವರು ಗಂಟಲು ಸರಿಮಾಡಿಕೊಂಡರು. “ಜುಬೇದಾ ಹಾಜರ್ ಹೈ?” ಬಜ್ಜಿ ಅಂಗಡಿಯವನು ಬೆಚ್ಚಿ ಸೌಟು ಬಿಟ್ಟ. ಜುಬೇದಾ ಓಡಿಹೋಗಿ ಅವರೆದುರು ನಿಂತಳು. “ವನಮಾಲಾ ಹಾಜರ್ ಹೈ?” ನಾನೂ ನಿಂತೆ. ಎರಡೆರಡು ಸಲ ಕರೆಸಿಕೊಂಡೆವು. ಕೋಟಿನ ತೋಳಿನಿಂದ ಮೊದಲು ಅವರ ಬೆರಳು ಹೊರಬಂತು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು. ಮುದುಕರು ತಮ್ಮ ಮಣಿಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಣ್ಣು ಒರೆಸಿಕೊಂಡರು. ನಾನು ಸೀರೆಯ ಎರಡೂ ಮಡಿಕೆ ಬಿಚ್ಚಿ, ಬಫೂನನ ಕಡೆ ನೋಡಿದೆ.

“ಬ್ಯಾಗು?” ಎಂದಳು ಜುಬೇದಾ.

ಮೂರು ಮನೆಯವರ ಚಪ್ಪಲಿ, ಒದ್ದೆ ಟವೆಲು, ಅರ್ಧ ತಿಂದ ಚಿತ್ರಾನ್ನ. ಕದಿಯುವ ಧೈರ್ಯ ಇದ್ದವರು ಕದಿಯಲಿ ಎಂದೆ. ತ್ರ್ಯಂಬಕನ ಕನ್ನಡಕವನ್ನು ಬ್ಯಾಗಿನ ಪಕ್ಕದ ಜೇಬಿಗೆ ಸೇರಿಸಿ ಜಿಪ್ಪು ಎಳೆದೆ. ನೆನಪಿರಲಿಲ್ಲ ಎಂದು ಹೇಳುವುದಿಲ್ಲ, ಚೆನ್ನಾಗಿ ನೆನಪಿತ್ತು.

ಬಫೂನನ ಕೈ ನನ್ನ ಮೂಗಿನ ಮಟ್ಟಕ್ಕೆ ಬಂತು. ಸೀಟಿ ಹಿಡಿದಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಪ್ರತಿ ವರ್ಷ ಆ ಬೆಂಚಲ್ಲಿ ಕೂರೋರಲ್ವಾ?” ಎಂದಳು. “ಬೆಂಚು ಇವತ್ತು ರಜೆ ಹಾಕಿದೆ” ಎಂದು ಒಳಗೆ ಹೋದೆ. ತ್ರ್ಯಂಬಕನ ತಂಡ ಅದೇ ಆಗ ಇಳಿದು ಆಚೆ ಬಾಗಿಲಿನಿಂದ ಹೊರಹೋಗುತ್ತಿತ್ತು. ನಾವು ಮೂವರು ಅದೇ ಕುರ್ಚಿಗಳಲ್ಲಿ ಕೂತೆವು, ಇನ್ನೂ ಬೆಚ್ಚಗಿದ್ದವು. ಅಡ್ಡಗಂಬಿ ಎದೆಗೆ ಬಿಗಿಯಾಗಿ ಕೂತಿತು.

ಕಂಬ ನಮ್ಮನ್ನು ಮೇಲಕ್ಕೆ ಎತ್ತತೊಡಗಿತು. ಮೊದಲು ಬಜ್ಜಿ ಅಂಗಡಿಯ ತಗಡು ಕಾಣಿಸಿತು, ಆಮೇಲೆ ನೀರಿನ ಕೊಳಗಳು, ಆಮೇಲೆ ಊರಿನ ರಸ್ತೆಗಳು. ಕೆರೆಯಿಂದ ಒಂದು ಕಾಲುವೆ ಹೊರಟು, ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಂತೆಯೇ ಬಳುಕಿ ಹೋಗಿತ್ತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಜನ ಕಾಣಿಸುತ್ತಿದ್ದರು, ಆದರೆ ಮೇಲಿನಿಂದ ಯಾರ ಎತ್ತರವೂ ತಿಳಿಯುವುದಿಲ್ಲ, ತಲೆ ಬೋಳಾಗಿದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಹೊರಬಾಗಿಲ ಬಳಿ ಒಂದು ಬೋಳುತಲೆ ಬರಿಗಾಲಿನಲ್ಲಿ ನಿಂತು ಆ ಕಡೆ ಈ ಕಡೆ ತಿರುಗುತ್ತಿತ್ತು. ಅದು ನನ್ನ ತಮ್ಮ.

ತುದಿಗೆ ಬಂದಾಗ ಜುಬೇದಾ ಕಣ್ಣು ಬಿಟ್ಟಳು. ಬಿಡಬಾರದಿತ್ತು. “ಯಾ ಅಲ್ಲಾ! ನಿಲ್ಲಿಸಿ! ಇಳಿಸಿ ನನ್ನ!” ಎಂದು ಚೀರಿದಳು. ಕೆಳಗೆ ಗುಂಡಿ ಒತ್ತುವವನು ಟೀ ಕುಡಿಯುತ್ತಿದ್ದ. ಯಾರು ಕೇಳಬೇಕು ಆಕೆಯ ಮಾತು? “ನಿಲ್ಲಿಸ್ರಪ್ಪೋ!” ಮತ್ತೆ ಕೂಗಿದಳು. ಆಕೆಯ ಭುಜ ಗಂಬಿಯಿಂದ ಕೆಳಕ್ಕೆ ಜಾರಿತು. ಗಂಬಿಗೂ ಆಕೆಗೂ ನಡುವೆ ಒಂದು ತಲೆದಿಂಬು ಹಿಡಿಸುವಷ್ಟು ಜಾಗ ಆಯಿತು. ಆ ಬಫೂನನನ್ನು ಅಲ್ಲಿ ಏಕೆ ನಿಲ್ಲಿಸಿದ್ದಾರೆಂದು ಆಗ ನನಗೆ ಹೊಳೆಯಿತು. ಇನ್ನೆರಡು ಸಲ ಕೂಗಿದರೆ ಆಕೆ ಗಂಬಿಯ ಅಡಿಯಿಂದ ಹೊರಗೆ.

ಆಗ ನೆನಪಾದದ್ದು ನಮ್ಮ ಮನೆಯ ಕುಕ್ಕರು.

“ಜುಬೇದಾ! ನಿಲ್ಲಿಸಿ ಅನ್ನಬೇಡಿ!” ಎಂದು ಕ್ಲಾಸಿನ ಕೊನೆ ಬೆಂಚಿಗೆ ಕೇಳುವ ದನಿಯಲ್ಲಿ ಅಬ್ಬರಿಸಿದೆ. “ಬೀಳು ಅನ್ನಿ! ಬೀಳು ಅಂತ ಅಪ್ಪಣೆ ಮಾಡಿ!”

“ಬೀಳು ಅಂತಾನಾ?”

“ಹೇಗಿದ್ರೂ ಬೀಳುತ್ತೆ, ನೀವೇ ಹೇಳಿಬಿಡಿ!”

ಆಕೆ ಕಣ್ಣು ಮುಚ್ಚಿ, ಸೊಸೆ ಬರುವ ಮುಂಚಿನ ತನ್ನ ದನಿಯಲ್ಲಿ “ಬೀಳು!” ಎಂದಳು. ಬಿತ್ತು. ಪಾಪ, ಎಷ್ಟು ವಿಧೇಯವಾಗಿ ಬಿತ್ತು! ಜುಬೇದಾ ಬೀಳುತ್ತಲೇ ಬೆಳೆದು ಗಂಬಿಯನ್ನು ತುಂಬಿಕೊಂಡಳು. ಮತ್ತೆ ಮೇಲೆ ಎತ್ತಿದಾಗ ಮೂವರೂ “ಏರು!” ಎಂದೆವು. ಮತ್ತೆ ಬಿಟ್ಟಾಗ “ಬೀಳು!” ಎಂದೆವು. ಗುರುಪಾದಯ್ಯ ಗಾಳಿಯಲ್ಲಿ ಕೋಟು ಹಾರಿಸುತ್ತ “ಆಕಾಶಪಾತಾಳ ಹಾಜರ್ ಹೈ?” ಎಂದು ಕೂಗುತ್ತಿದ್ದರು. ಕೆಳಗಿಳಿದಾಗ ಗಂಬಿ ತೆಗೆಯಲು ಇಬ್ಬರು ಬೇಕಾದರು, ಅಷ್ಟು ಬಿಗಿಯಾಗಿತ್ತು. ನನ್ನ ಸೀರೆ ಮೊಣಕಾಲಿನ ಕೆಳಗೆ ಸ್ವಲ್ಪವೇ ಉಳಿದಿತ್ತು. ಮಾನ ಮುಚ್ಚಲು ಗುರುಪಾದಯ್ಯ ತಮ್ಮ ಮಫ್ಲರು ಕೊಟ್ಟರು.

ಜುಬೇದಾ ಮತ್ತು ಗುರುಪಾದಯ್ಯ ಬೆಂಚಿನ ಕಡೆ ಹೋದರು. ತ್ರ್ಯಂಬಕ ಹೊರಬಾಗಿಲಲ್ಲೇ ನಿಂತಿದ್ದ. ಹೆಂಡತಿ ಮಗಳು ಅವನಿಗೆ “ನೀವಿಲ್ಲೇ ಇರಿ” ಎಂದು ಹೇಳಿ ನೀರಾಟಕ್ಕೆ ಓಡಿದ್ದರು. ಅವನು ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಒಂದು ಕಸದ ಬುಟ್ಟಿಯೊಂದಿಗೆ ಮಾತಾಡುತ್ತಿದ್ದ.

“ಅಕ್ಕಾ, ಎಷ್ಟು ಹೊತ್ತು? ಕನ್ನಡಕ ಕೊಡು.”

“ನಾನು ಇಲ್ಲಿದ್ದೀನಿ” ಎಂದೆ. “ಅದು ಕಸದ ಬುಟ್ಟಿ.”

ಅವನು ನನ್ನ ಕಡೆ ತಿರುಗಿ ಎಂದಿನಂತೆ ತಗ್ಗಿ ನೋಡಿದ. ಅಲ್ಲಿ ನನ್ನ ಮುಖ ಇರಲಿಲ್ಲ. ನಿಧಾನಕ್ಕೆ ತಲೆ ಎತ್ತಿದ. ಕಾಣಿಸಿತೋ ಇಲ್ಲವೋ, ದನಿ ಬಂದ ಎತ್ತರ ಅವನಿಗೆ ಗೊತ್ತಾಯಿತು.

“ಕನ್ನಡಕ ಎಲ್ಲಿ?”

“ಬೆಂಚಿನ ಮೇಲೆ, ಬ್ಯಾಗಲ್ಲಿ.”

“ಬೆಂಚು ಎಲ್ಲಿ ಅಕ್ಕಾ?”

ಸೀಮೆಸುಣ್ಣದ ಗೆರೆ ಎಳೆದ ದಿನದಿಂದ ಅವನು ನನ್ನನ್ನು ದಾರಿ ಕೇಳಿದ್ದು ಇದೇ ಮೊದಲು. ಬೆಂಚು ಎದುರಿಗೇ ಇತ್ತು. ನಡುವೆ ಒಂದು ಹೂವಿನ ಕುಂಡ ಇತ್ತು, ಅಷ್ಟೇ.

“ಬಲಕ್ಕೆ ತಿರುಗು” ಎಂದೆ.

ಅವನು ತಿರುಗಲಿಲ್ಲ. ತುಟಿ ಬಿಗಿಹಿಡಿದು ನಿಂತ. ಆ ಮುಖದಲ್ಲಿ ಒಂದು ಇಂಚಿನ ಲೆಕ್ಕ ನಡೆಯುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಸಿಮೆಂಟು ತಣ್ಣಗೆ ಕೊರೆಯುತ್ತಿತ್ತು, ಅವನು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡ. ಆಮೇಲೆ ಕೈ ಚಾಚಿ ತಡಕಾಡಿ ನನ್ನ ಸೆರಗಿನ ತುದಿ ಹಿಡಿದುಕೊಂಡು ಬಲಕ್ಕೆ ತಿರುಗಿದ.

“ನೇರ ನಡಿ. ಮುಂದೆ ಮೆಟ್ಟಿಲಿದೆ, ಕಾಲೆತ್ತಿ ಇಡು.” ಮೆಟ್ಟಿಲು ಇರಲಿಲ್ಲ. ಅವನು ಮೊಣಕಾಲು ಎತ್ತಿ ಇಟ್ಟ. ಬಟ್ಟಲುಗಳ ಆಟ ದಾಟಿದೆವು, ನೀರಿನ ಕೊಳ ದಾಟಿದೆವು. ನಾನು ಆಗಾಗ ಓರೆಗಣ್ಣಿನಲ್ಲಿ ಅವನ ತಲೆಯ ಮಟ್ಟ ನೋಡುತ್ತಿದ್ದೆ. ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.

“ನಂದು ಎಷ್ಟು ಹೋಯ್ತು ಅಕ್ಕಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ಕೂದಲೆಳೆಯಷ್ಟೂ ಹೋಗಿಲ್ಲ.”

“ಸುಳ್ಳು.”

“ಕನ್ನಡಕ ಹಾಕ್ಕೊಂಡು ಆ ಬಫೂನನ ಪಕ್ಕ ನಿಂತು ನೀನೇ ನೋಡ್ಕೋ.”

ಸೆರಗು ಹಿಡಿದ ಕೈ ಬಿಗಿಯಾಯಿತು. “ಹಾಗಾದ್ರೆ ಇಷ್ಟು ವರ್ಷ…” ಎಂದವನು ಮುಂದೆ ಹೇಳಲಿಲ್ಲ. ಅವನು ಹೇಳದೆ ಬಿಟ್ಟದ್ದು ನನಗೆ ಕೇಳಿಸಿತು, ಎದೆ ತುಂಬಿಬಂತು. ಅಳು ಬಂದರೆ ಅವನಿಗೆ ಕಾಣಿಸುವುದಿಲ್ಲವಲ್ಲ ಎಂದು ಸ್ವಲ್ಪ ಅತ್ತೆ ಕೂಡ.

“ಬೆಂಚು ಇನ್ನೂ ಎಷ್ಟು ದೂರ ಇದೆ?” ಎಂದ.

ನಾವು ಆಗ ಬೆಂಚಿನ ಮುಂದೆ ಎರಡನೇ ಸಲ ಹಾದುಹೋಗುತ್ತಿದ್ದೆವು. ಜುಬೇದಾ ನಮ್ಮ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

“ಇನ್ನೂ ಸ್ವಲ್ಪ ಇದೆ” ಎಂದೆ. “ಎಡಕ್ಕೆ ತಿರುಗು.”

ತ್ರ್ಯಂಬಕ ಎಡಕ್ಕೆ ತಿರುಗಿದ.